ಮೋರಿಯಂಚಿನ ಗರಿಕೆ



*ಇಂದಿನ ಧಮ್ಮ ಚಿಂತನೆ*

ಮೊನ್ನೆ ಶಾಲೆಯ ಮಕ್ಕಳನ್ನು ಬೇಲೂರು, ಹಳೇಬೀಡು ನೋಡಲು ಕರೆದುಕೊಂಡು ಹೋಗಿದ್ದೆವು. ಹಳೇಬೀಡಿನಲ್ಲಿ ದೇವಸ್ಥಾನದ ಸುತ್ತಲಿನ ಹಸಿರು ಹುಲ್ಲುಹಾಸು ನೋಡಿ ನಮ್ಮ ಅರಸೀಕೆರೆ ಕಡೆಯ ಹುಡುಗನೊಬ್ಬ ಕೇಳಿದ: "ಮಿಸ್, ನಮ್ಮೂರ ಫಿಲ್ಟರ್ ನೀರಿನ ಮನೆ ಹಿಂದೆ ಎಲ್ಲಾ ಗಿಡನೂ ಒಣಗೋಯ್ತು. ಗರಿಕೆ ಒಂದೇ ಉಳ್ಕೊಂಡಿದೆ. ಅದ್ಯಾಕೆ?"

ಉತ್ತರ ಗೊತ್ತಿರಲಿಲ್ಲ. ಮರುದಿನ ಹೋಗಿ ನೋಡಿದೆ. ಬೋರ್‌ವೆಲ್ಲಿನ ಗಡಸು ನೀರನ್ನು ಸೋಸುವ ಘಟಕ ಅದು. ಸಿಹಿನೀರು ಕ್ಯಾನಿಗೆ ಬರುತ್ತದೆ, ಉಪ್ಪೆಲ್ಲ ಸೇರಿದ ಉಳಿಕೆ ನೀರು ಹಿಂದಿನ ಮೋರಿಗೆ ಹೋಗುತ್ತದೆ. ಮೋರಿಯಂಚಿನ ಮಣ್ಣು ಸವಳು ಹಿಡಿದು ಬೆಳ್ಳಗಾಗಿತ್ತು. ಅದರ ನಡುವೆ ಗರಿಕೆ. ಎಲೆ ಸಣ್ಣದು, ತುದಿ ಕಂದು, ಆದರೂ ಜೀವಂತ.

ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುತ್ತಾರಂತೆ. ಆ ಉಪ್ಪು ನೀರಿಗೆ ರಸ್ತೆಯಂಚಿನ ಹುಲ್ಲು ಹೀಗೆಯೇ ಸುಟ್ಟಂತಾಗುತ್ತದಂತೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಅದು ನೀರನ್ನು ಬಿಟ್ಟುಕೊಡುವುದಿಲ್ಲ. ಬೇರಿನ ಸುತ್ತ ನೀರಿದ್ದರೂ ಗಿಡ ಬಾಯಾರಿ ಒಣಗುತ್ತದೆ.

ಈ ಮಾತು ಕೇಳಿದಾಗ ನನಗೆ ಮಹಾಡ್ ನೆನಪಾಯಿತು. ಕಣ್ಣೆದುರು ಕೆರೆ ತುಂಬಿದ್ದೂ ಬಾಯಾರಿದ ಜನ ನಮ್ಮವರು.

ಹಾಗಾದರೆ ಗರಿಕೆ ಹೇಗೆ ಉಳಿಯಿತು? ಅದು ಬೇರಿನಲ್ಲೇ ಆದಷ್ಟು ಉಪ್ಪನ್ನು ತಡೆಯುತ್ತದೆ. ತಡೆ ಮೀರಿ ಬಂದದ್ದರಲ್ಲಿ ಒಂದಿಷ್ಟನ್ನು ಎಲೆಯ ಮೇಲಿನ ಕಣ್ಣಿಗೆ ಕಾಣದ ಗ್ರಂಥಿಗಳಿಂದ ಹೊರಹಾಕುತ್ತದೆ. ಮಳೆ ಬಂದಾಗ ಅದು ತೊಳೆದುಹೋಗುತ್ತದೆ. ಮಿಕ್ಕಿದ್ದನ್ನು ಹಳೆಯ ಎಲೆಗಳಲ್ಲಿ ಇಟ್ಟುಕೊಂಡು, ಹೊಸ ಚಿಗುರಿಗೆ ತಾಗದಂತೆ ಆದಷ್ಟು ಕಾಪಾಡುತ್ತದೆ. ಹಳೆಯ ಎಲೆ ಉದುರುತ್ತದೆ, ಅದರ ಜೊತೆಗೆ ಉಪ್ಪೂ ಹೋಗುತ್ತದೆ.

ಬಂಧುಗಳೇ, ಅಲ್ಲಿಯೇ ನನ್ನ ತಲೆ ತಗ್ಗಿತು.

ಮೂರು ವರ್ಷದ ಹಿಂದೆ ಬಾಡಿಗೆಗೆ ಒಂದು ಮನೆ ನೋಡಿ ಅಡ್ವಾನ್ಸ್ ಕೊಟ್ಟಿದ್ದೆವು. "ನೀವು ಯಾವ ಜನ?" ಎಂದು ಕೇಳಿದರು, ಹೇಳಿದೆವು. ಮರುದಿನ ದುಡ್ಡು ವಾಪಸ್ ಬಂತು. ಇನ್ನೊಂದು ಮನೆ ನೋಡಲು ಹೋಗುವಾಗ ನಾನು ಮಗಳಿಗೆ ಹೇಳಿದೆ: "ಯಾರಾದ್ರೂ ಕೇಳಿದ್ರೆ ಬೇರೆ ಜಾತಿ ಹೆಸರು ಹೇಳು." ಆಗ ಅವಳು ಐದನೇ ಕ್ಲಾಸು. ಪ್ರತಿ ಭಾನುವಾರ ಪಂಚಶೀಲ ಹೇಳುವ ನಾನು, ನಾಲ್ಕನೆಯ ಶೀಲವನ್ನು ಮುರಿಯುವುದನ್ನು ನನ್ನ ಮಗಳಿಗೇ ಕಲಿಸಿದೆ. ಯಾರೋ ನನ್ನ ಬೇರಿಗೆ ಸುರಿದ ಉಪ್ಪನ್ನು ನಾನು ಚಿಗುರಿಗೆ ದಾಟಿಸಿದೆ.

ಭಗವಾನ್ ಬುದ್ಧರು ಅಂಗುತ್ತರ ನಿಕಾಯದಲ್ಲಿ ಉಪ್ಪಿನ ಹರಳಿನ ಉಪಮೆ ಹೇಳುತ್ತಾರೆ. ಒಂದು ಹರಳನ್ನು ಸಣ್ಣ ಬಟ್ಟಲಿನ ನೀರಿಗೆ ಹಾಕಿದರೆ ಆ ನೀರು ಕುಡಿಯಲಾಗದು. ಅದೇ ಹರಳನ್ನು ಗಂಗಾ ನದಿಗೆ ಹಾಕಿದರೆ ನದಿ ಉಪ್ಪಾಗುವುದಿಲ್ಲ. ಶೀಲ, ಚಿತ್ತ, ಪ್ರಜ್ಞೆಗಳನ್ನು ಬೆಳೆಸಿಕೊಳ್ಳದ ಮನಸ್ಸಿಗೆ ಸಣ್ಣ ತಪ್ಪೂ ವಿಷವಾಗುತ್ತದೆ. ಬೆಳೆಸಿಕೊಂಡ ಮನಸ್ಸಿನಲ್ಲಿ ಅದು ಅಷ್ಟು ಉಳಿಯುವುದಿಲ್ಲ. ಆ ದಿನ ನನ್ನ ಮನಸ್ಸು ಬಟ್ಟಲಾಗಿತ್ತು.

ಆದರೆ ಒಂದು ಎಚ್ಚರಿಕೆ. "ಗರಿಕೆಯಂತೆ ಸಹಿಸಿಕೊಂಡಿರಿ" ಎಂದು ನಮಗೆ ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ಗರಿಕೆಯ ಸಹನೆಗೂ ಮಿತಿಯಿದೆ, ಉಪ್ಪು ಏರುತ್ತಲೇ ಹೋದರೆ ಅದೂ ಸಾಯುತ್ತದೆ. ಸವಳು ನೆಲಕ್ಕೆ ಜಿಪ್ಸಂ ಹಾಕಿ, ಒಳ್ಳೆಯ ನೀರು ಹಾಯಿಸಿ, ಬಸಿಗಾಲುವೆ ತೆಗೆದು ಉಪ್ಪನ್ನು ಹೊರಗೆ ಹರಿಸಬೇಕು ಎಂದು ರೈತರಿಗೆ ಗೊತ್ತು. ಮಣ್ಣು ರಿಪೇರಿ ಮಾಡದೆ ಹುಲ್ಲಿಗೆ ತಾಳ್ಮೆ ಬೋಧಿಸಿ ಏನು ಬಂತು?

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿಗೆ ಹೋದದ್ದು ಬಾಯಾರಿಕೆ ಸಹಿಸುವುದನ್ನು ಕಲಿಸಲು ಅಲ್ಲ. ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆ ಹಕ್ಕನ್ನು ಹೈಕೋರ್ಟು ಎತ್ತಿಹಿಡಿಯಲು 1937 ಬರಬೇಕಾಯಿತು. ನೆಲದ ಉಪ್ಪು ಒಂದೇ ಮಳೆಗೆ ಹೋಗುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ, ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ. ಮೊದಲನೆಯದು ಚಿಗುರು ಕಾಯುವ ಕೆಲಸ, ಎರಡನೆಯದು ನೆಲ ತೊಳೆಯುವ ಕೆಲಸ. ಎರಡೂ ಸೇರಿದರೇ ಧಮ್ಮ.

ನಿನ್ನೆ ರಾತ್ರಿ ಊಟ ಆದ ಮೇಲೆ ಮಗಳ ಪಕ್ಕ ಕೂತು, "ಅವತ್ತು ನಾನು ನಿಂಗೆ ಹೇಳಿಕೊಟ್ಟದ್ದು ತಪ್ಪು" ಎಂದೆ. ಅವಳಿಗೆ ಎಲ್ಲಾ ನೆನಪಿತ್ತು.

"ಹಂಗಾದ್ರೆ ಇನ್ಮೇಲೆ ಕೇಳಿದ್ರೆ ಏನ್ ಹೇಳ್ಲಿ ಅಮ್ಮ?"

"ನಾವು ಬೌದ್ಧರು ಅನ್ನು."

"ಮನೆ ಕೊಡಲ್ಲ ಅಂದ್ರೆ?"

"ಇನ್ನೊಂದು ಹುಡುಕೋಣ. ಕೊಡದೇ ಇದ್ದದ್ದನ್ನ ನಾಲ್ಕು ಜನರ ಮುಂದೆ ಕೇಳೋಣ."

*ಇಂದಿನ ಅಭ್ಯಾಸ:* ನಮಗಾದ ಅವಮಾನಕ್ಕೆ ಹೆದರಿ ಮಕ್ಕಳಿಗೆ ಏನನ್ನು ಮುಚ್ಚಿಡಲು ಕಲಿಸಿದ್ದೇವೆ? ಐದು ನಿಮಿಷ ಸುಮ್ಮನೆ ಕೂತು ನೆನೆಯೋಣ. ಇವತ್ತೇ ಆ ಮಗುವಿನ ಹತ್ತಿರ ಒಂದು ಮಾತು ಆಡೋಣ. ಭಾನುವಾರ ವಂದನೆಯ ನಂತರ, ಮನೆ ಸಿಗದೆ ಅಲೆಯುತ್ತಿರುವ ನಮ್ಮವರು ಯಾರಿದ್ದಾರೆ ಎಂದು ಕೇಳಿ ತಿಳಿಯೋಣ, ಜೊತೆಗೆ ಹೋಗೋಣ.

ಸಾಧು, ಸಾಧು, ಸಾಧು.
ಜೈ ಭೀಮ್ 💙