ಬೀದಿಯ ಜಗಲಿ, ಮನೆಯ ಸಿರಿ

ಇಟಲಿಯ ಫ್ಲಾರೆನ್ಸಿನ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡಬಂದವನು ಅಲ್ಲಿಯ ಅರಮನೆಗಳ ಮುಂದೆ ಮೊದಲು ತಲೆಯೆತ್ತಿ ನಿಲ್ಲುತ್ತಾನೆ. ದಣಿದ ಮೇಲೆ ಕುಳಿತುಕೊಳ್ಳಲು ಜಾಗ ಹುಡುಕುತ್ತಾನೆ. ಆಗ ಕಾಣುವುದು ಗೋಡೆಯ ಬುಡದಲ್ಲಿ ಚಾಚಿಕೊಂಡ ಕಲ್ಲಿನ ಜಗಲಿ. ಸ್ಟ್ರೊಜ್ಜಿಯವರ ಅರಮನೆಗೆ ಅದುಂಟು, ಮೆದಿಚಿಯವರದಕ್ಕೂ ಉಂಟು. ಅರಮನೆ ಎಂದರೂ ಇವನ್ನು ಕಟ್ಟಿಸಿದವರು ಅರಸರಲ್ಲ. ವ್ಯಾಪಾರದಿಂದಲೂ ಲೇವಾದೇವಿಯಿಂದಲೂ ಹಣ ಕೂಡಿಸಿದ ವಣಿಕರು. ದಾರಿಹೋಕನಿಗೆ ಒಂದು ಆಸನ ಬಿಟ್ಟುಕೊಟ್ಟ ಮಾತ್ರಕ್ಕೆ ಹಿಂದಿನ ಸಂಪತ್ತು ನ್ಯಾಯಾರ್ಜಿತವಾದೀತೇ ಎಂಬುದು ವಿಚಾರಣೀಯ.

ಸಂಪತ್ತಿನ ಅಸ್ಥಿರತೆಯನ್ನು ಹೇಳುವುದು ಸುಲಭ. ನದಿಯಾಚೆಗೆ ಲೂಕಾ ಪಿಟ್ಟಿ ಎಂಬ ವಣಿಕ ಆರಂಭಿಸಿದ ಅರಮನೆ 1549ರಲ್ಲಿ ಮೆದಿಚಿಯವರ ಕೈಸೇರಿತು. ಫಿಲಿಪ್ಪೊ ಸ್ಟ್ರೊಜ್ಜಿಯ ತಂದೆಯನ್ನು 1434ರಲ್ಲಿ ಮೆದಿಚಿಗಳ ಪಕ್ಷ ಗಡೀಪಾರು ಮಾಡಿತ್ತು. ಮಗನು ನೇಪಲ್ಸಿನಲ್ಲಿ ಹಣ ಗಳಿಸಿ 1466ರಲ್ಲಿ ಮರಳಿದ, ಹಲವು ಮನೆಗಳನ್ನು ಕೊಂಡು, ಕೆಡವಿ, 1489ರಲ್ಲಿ ಅಸ್ತಿಭಾರ ಹಾಕಿಸಿದ, 1491ರಲ್ಲಿ ತೀರಿಕೊಂಡ. ಆದರೆ ಕೈತಪ್ಪಿ ಹೋದದ್ದರಿಂದ ಸಂಪಾದನೆ ತಪ್ಪಾಗುವುದಿಲ್ಲ, ಕೈಯಲ್ಲಿ ಉಳಿದದ್ದರಿಂದ ಸರಿಯೂ ಆಗುವುದಿಲ್ಲ. ನಶ್ವರತೆಯ ಮಾತಿನಲ್ಲಿ ಗಳಿಕೆಯ ಬಗೆಯನ್ನು ಮರೆಸುವ ಅಭ್ಯಾಸ ಎಲ್ಲ ಕಾಲದ ಸಿರಿವಂತರಿಗೂ ಅನುಕೂಲವಾಗಿಯೇ ಇದೆ.

ಅಲ್ಲಿಂದ ಉತ್ತರಕ್ಕೆ, ಮಹಾದೇವಾಲಯವನ್ನು ದಾಟಿದರೆ ಮೆದಿಚಿಯವರ ಅರಮನೆ. ಕೊಸಿಮೊ ಮೆದಿಚಿ ಇದನ್ನು 1444ರ ಹೊತ್ತಿಗೆ ಆರಂಭಿಸಿದ. ಬ್ರುನೆಲ್ಲೆಸ್ಕಿ ಸಿದ್ಧಪಡಿಸಿದ ನಕ್ಷೆ ಅತಿ ವೈಭವದ್ದೆಂದು, ಜನರ ಅಸೂಯೆಗೆ ಅಂಜಿ ಅವನು ಅದನ್ನು ಬಿಟ್ಟು ಮಿಕೆಲೊಜ್ಜೊನ ನಕ್ಷೆಯನ್ನು ಒಪ್ಪಿದನೆಂದು ಮುಂದಿನ ಶತಮಾನದ ವಸಾರಿ ಬರೆದಿದ್ದಾನೆ. ಇದನ್ನು ಮಿತಿಯೆಂದು ಹೊಗಳಿದವರಿದ್ದಾರೆ. ಅಸೂಯೆಗೆ ಅಂಜಿ ತಗ್ಗುವುದು ಜಾಣತನ. ಆಸೆಯನ್ನೇ ತಗ್ಗಿಸಿಕೊಳ್ಳುವುದಕ್ಕೆ ಬೇರೆ ಹೆಸರಿದೆ. ಆ ಅರಮನೆಯ ಮೂಲೆಯಲ್ಲಿ ಬೀದಿಗೆ ತೆರೆದ ಕಮಾನಿನ ಮಂಟಪವೊಂದಿತ್ತು. 1517ರ ಸುಮಾರಿಗೆ ವಂಶಜರು ಅದನ್ನು ಗೋಡೆಯೆತ್ತಿ ಮುಚ್ಚಿಸಿದರು. ಹೊರಗಿನ ಜಗಲಿ ಮಾತ್ರ ಉಳಿಯಿತು.

ಅದೇ ಬೀದಿಯಲ್ಲಿ ಐದಾರು ನಿಮಿಷ ನಡೆದರೆ ಸಂತ ಮಾರ್ಕನ ಮಠ. ಪ್ರಶ್ನೆ ನಿಜವಾಗಿ ತೀಕ್ಷ್ಣವಾಗುವುದು ಇಲ್ಲಿ. ಬಡ್ಡಿ ಪಾಪವೆಂಬುದು ಅಂದಿನ ಚರ್ಚಿನ ಶಾಸನ. ಬ್ಯಾಂಕುಗಳು ಹುಂಡಿಗಳ ವಿನಿಮಯದ ದರದಲ್ಲಿ ಅದನ್ನು ಮರೆಮಾಡುತ್ತಿದ್ದವು. ಮನಸ್ಸು ಕೊರೆಯುತ್ತಿದ್ದ ಕೊಸಿಮೊ, ಆಗ ಫ್ಲಾರೆನ್ಸಿನಲ್ಲಿದ್ದ ನಾಲ್ಕನೆಯ ಯುಜೀನ್ ಪೋಪನನ್ನು ಕೇಳಿದನೆಂದೂ, ಈ ಮಠದ ಕಟ್ಟಡಕ್ಕೆ 10,000 ಫ್ಲೋರಿನ್ ಚಿನ್ನದ ನಾಣ್ಯಗಳನ್ನು ವೆಚ್ಚಮಾಡುವಂತೆ ಪೋಪ್ ಸೂಚಿಸಿದನೆಂದೂ, ಅವನನ್ನು ಬಲ್ಲ ಪುಸ್ತಕವ್ಯಾಪಾರಿ ವೆಸ್ಪಾಸಿಯಾನೊ ದಾಖಲಿಸಿದ್ದಾನೆ. ಕೊಸಿಮೊ ಅದಕ್ಕಿಂತ ಬಹಳ ಹೆಚ್ಚು ವೆಚ್ಚಮಾಡಿದ.

ಆದರೆ ಅದೇ ಶಾಸನದ ಮೂಲನಿಯಮ ಬೇರೆ. ಬಡ್ಡಿಯನ್ನು ಯಾರಿಂದ ಪಡೆದಿದ್ದರೋ ಅವರಿಗೇ ಮರಳಿಸಬೇಕು. ಅವರು ಸಿಗದಿದ್ದರೆ ಮಾತ್ರ ಧರ್ಮಕಾರ್ಯಕ್ಕೆ. ಮೆದಿಚಿ ಬ್ಯಾಂಕಿನ 1397ರಿಂದ 1450ರವರೆಗಿನ ಗುಪ್ತ ಲೆಕ್ಕಪುಸ್ತಕಗಳು ಇಂದಿಗೂ ಉಳಿದಿವೆ. ಬಂಡವಾಳವನ್ನೂ ಲಾಭವನ್ನೂ ಅಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟವನಿಗೆ ಋಣದಾತರು ಯಾರು, ಋಣಿಗಳು ಯಾರು ಎಂಬುದು ತಿಳಿಯದ ಸಂಗತಿಯಲ್ಲ. ಸಾಲ ಪಡೆದವರಲ್ಲಿ ದೊರೆಗಳೂ ಧರ್ಮಾಧಿಕಾರಿಗಳೂ ಇದ್ದರು, ಅವರಿಗೇನು ಮರಳಿಸುವುದು ಎಂದು ಅವನ ಪರವಾಗಿ ವಾದಿಸಬಹುದು. ವಾದ ಪೂರ್ತಿ ಹುಸಿಯಲ್ಲ. ಆದರೂ ದೊರೆ ಕೊಟ್ಟ ಬಡ್ಡಿ ಎಲ್ಲಿಂದ ಬಂತು? ತೆರಿಗೆ ತೆತ್ತವನ ಹೊಲದಿಂದ. ದಾನದಲ್ಲಿ ಕೊಡುವವನು ದೊಡ್ಡವನಾಗಿ ಕಾಣುತ್ತಾನೆ. ಋಣ ಮರಳಿಸುವಾಗ ಪಡೆಯುವವನ ಎದುರು ತಲೆತಗ್ಗಿಸಬೇಕಾಗುತ್ತದೆ. ಕೊಸಿಮೊ ಮೊದಲನೆಯದನ್ನು ಉದಾರವಾಗಿ ಮಾಡಿದ. ಆ ಉದಾರತೆ ಸಣ್ಣದಲ್ಲ: ಮಠದ ಗ್ರಂಥಾಲಯ ವಿದ್ವಾಂಸರಿಗೆ ತೆರೆದಿತ್ತು. ಜಗಲಿಯಂತೆ ಅದರಿಂದಲೂ ಅನೇಕರಿಗೆ ನೆರಳಾಯಿತು. ಹಿಂದಿನ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು.

ಮಠದಲ್ಲಿ ಸಂನ್ಯಾಸಿಗೆ ಒಂದು ಕಿರುಕೋಣೆ. ಕೊಸಿಮೊನ ಏಕಾಂತಕ್ಕೆ ಎರಡು. ಅದರ ಗೋಡೆಯ ಮೇಲೆ ಪೂರ್ವದೇಶದ ಮೂವರು ಸಿರಿವಂತರು ಶಿಶು ಯೇಸುವಿಗೆ ಕಾಣಿಕೆ ಒಪ್ಪಿಸುವ ಚಿತ್ರವಿದೆ. 1459ರಲ್ಲಿ ಅರಮನೆಯ ಪೂಜಾಗೃಹಕ್ಕೂ ಅದೇ ವಿಷಯವನ್ನು ಆರಿಸಲಾಯಿತು. ಅಲ್ಲಿ ಕಾಣಿಕೆ ತರುವವರ ಮೆರವಣಿಗೆಯಲ್ಲಿ ಕೊಸಿಮೊನ ಮುಖವೂ ಅವನ ಮಗ, ಮೊಮ್ಮಕ್ಕಳ ಮುಖಗಳೂ ಸೇರಿಕೊಂಡಿವೆ.