ಗುರುದಕ್ಷಿಣೆ ಯಾರಿಗೆ?

ಗುರುದಕ್ಷಿಣೆ ಅಂದಕೂಡಲೆ ನಮಗೆ ನೆನಪಾಗೋದು ಏಕಲವ್ಯನ ಹೆಬ್ಬೆರಳು. ಒಳಗೆ ಸೇರಿಸದ ಗುರುವಿಗೂ ಹೊರಗಿನವನೇ ಬೆಲೆ ತೆತ್ತ. ಹಾಗಾದರೆ ಒಳಗೆ ಕೂತು ಓದಿದವರ ಋಣ ಯಾರಿಗೆ ಸಲ್ಲಬೇಕು?

1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ, ಯುರೋಪಿನ ಜೆಸ್ವಿಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳೆದುರು, ಜೆಸ್ವಿಟರ ಮುಖ್ಯಸ್ಥ ಪೆದ್ರೊ ಅರುಪೆ ಇದನ್ನೇ ಕೆದಕಿದರು. ನ್ಯಾಯಕ್ಕಾಗಿ ನಿಮ್ಮನ್ನು ತಯಾರು ಮಾಡಿದೆವಾ ಎಂದು ಕೇಳಿ, ಇಲ್ಲ ಎಂದು ತಾವೇ ಒಪ್ಪಿಕೊಂಡರು. ಕೇಳಿದವರಲ್ಲಿ ಹಲವರಿಗೆ ಸಿಟ್ಟು ಬಂತು.

ಓದಿದ ಶಾಲೆಗೆ ಕಟ್ಟಡ ಕಟ್ಟಿಸಿ, ಗೋಡೆಗೆ ಹೆಸರು ಕೆತ್ತಿಸಿದರೆ ಋಣ ಹರಿಯೋದಿಲ್ಲ. ಆ ಗೋಡೆಯ ಕಲ್ಲು ಹೊತ್ತವಳ ಮಗಳು ಫೀಜಿಲ್ಲದೆ ಗೇಟಿನಾಚೆ ನಿಂತಿದ್ದಾಳೆ. ನಾವು ಅವಳಿಗೆ ಸಾಲಗಾರರು. ದುಡ್ಡು ಕೊಡಿ, ಬೇಡ ಅನ್ನೋದಿಲ್ಲ. ಕೊಡುವಾಗ ಒಂದು ಮಾತು ಕೇಳಿ: ಈ ವರ್ಷ ಅವಳಂಥ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ? ಆ ಪ್ರಶ್ನೆಯೇ ಸಾಲದ ಮೊದಲ ಕಂತು.