ಹನ್ನೆರಡು ಕುರ್ಚಿಗಳು



ಪವಿತ್ರ ಗುರುವಾರದ ಸಂಜೆ ಪೀಠದ ಮುಂದೆ ಹನ್ನೆರಡು ಕುರ್ಚಿಗಳನ್ನು ಸಾಲಾಗಿ ಇಡುತ್ತೇವೆ. ದೇವಾಲಯ ಗುಡಿಸಿ, ಹೂ ಕಟ್ಟಿ, ಆ ಕುರ್ಚಿಗಳ ಧೂಳು ಒರೆಸುವವರು ನಮ್ಮ ತಾಯಂದಿರು. ಬಹುಕಾಲ ಅವುಗಳ ಮೇಲೆ ಕುಳಿತವರು ಮಾತ್ರ ಗಂಡಸರು. ಹನ್ನೆರಡನೆಯವರು ಸಿಗದೆ, ಹೊರಗೆ ಬೀಡಿ ಸೇದುತ್ತಾ ನಿಂತವರನ್ನು ಒಳಗೆ ಕರೆತಂದದ್ದೂ ಉಂಟು!

ಅದು ಆಗಿನ ವಿಧಿ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಪಾದ ತೊಳೆಯುವ ಆಚರಣೆಯನ್ನು ಬಲಿಪೂಜೆಯೊಳಕ್ಕೆ ತಂದಾಗ ಪುರುಷರನ್ನೇ ಆರಿಸಬೇಕೆಂದಿತ್ತು. 2013ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಆಯ್ಕೆಯಾದ ಹದಿನೈದೇ ದಿನಗಳಲ್ಲಿ ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು. 2016ರ ಜನವರಿಯಲ್ಲಿ ವಿಧಿಯನ್ನೇ ಬದಲಿಸಿದರು. ಈಗ ಸ್ತ್ರೀಪುರುಷರು, ಯುವಕರು, ವೃದ್ಧರು, ರೋಗಿಗಳು ಎನ್ನದೆ ದೇವಜನರಲ್ಲಿ ಯಾರನ್ನೂ ಆರಿಸಬಹುದು.

"ಪ್ರೇಷಿತರೆಲ್ಲ ಗಂಡಸರಲ್ಲವೇ ಫಾದರ್?" ಎಂದು ನೀವು ಕೇಳುವಿರಿ. ಸಂತ ಯೊವಾನ್ನರ ಶುಭಸಂದೇಶವನ್ನು ತೆರೆಯಿರಿ. ಪ್ರಭು ಶಿಷ್ಯರ ಪಾದ ತೊಳೆದದ್ದು 13ನೇ ಅಧ್ಯಾಯದಲ್ಲಿ. ಒಂದು ಅಧ್ಯಾಯ ಹಿಂದಕ್ಕೆ ಹೋಗಿ. ಬೆಥಾನಿಯದ ಮರಿಯಳು ಯೇಸುವಿನ ಪಾದಗಳಿಗೆ ಸುಗಂಧತೈಲ ಹಚ್ಚಿ ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಯೂದನು ದುಂದುವೆಚ್ಚವೆಂದು ಗೊಣಗುತ್ತಾನೆ. ಪ್ರಭು ಅವಳ ಪರ ನಿಲ್ಲುತ್ತಾರೆ. ಗ್ರೀಕ್ ಮೂಲದಲ್ಲಿ 'ಒರೆಸು' ಎಂಬುದಕ್ಕೆ ಎರಡೂ ಕಡೆ ಒಂದೇ ಕ್ರಿಯಾಪದವಿದೆ. ಒಬ್ಬ ಹೆಣ್ಣುಮಗಳು ತಮಗೆ ಮಾಡಿದ್ದನ್ನೇ ಗುರುವು ಕೆಲವೇ ದಿನಗಳ ನಂತರ ಶಿಷ್ಯರಿಗೆ ಮಾಡಿ ತೋರಿಸಿದರು. ಪೇತ್ರನಿಗೆ ಪಾಠ ಬಂದದ್ದು ಅವಳ ಕೈಯಿಂದ ಎಂದರೆ ತಪ್ಪೇನು?

ಇಷ್ಟು ಓದಿದ್ದ ನಾನು 2016ರಲ್ಲೂ ಮರುವರ್ಷವೂ ಗಂಡಸರನ್ನೇ ಕರೆದೆ. ಜನ ಏನೆಂದಾರು ಎಂಬ ಅಂಜಿಕೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲೇ ಸ್ತ್ರೀಪುರುಷ ಸಮಾನತೆಯ ಧೋರಣಾಪತ್ರ ಹೊರಡಿಸಿತ್ತು. ಅದು ನನ್ನ ಕಪಾಟಿನಲ್ಲಿ ಬೆಚ್ಚಗಿತ್ತು.

ಪಾದ ತೊಳೆಯುವುದು ಒಂದು ಸಂಜೆಯ ಕೆಲಸ. ವಾಚಕ ಮತ್ತು ಪೀಠಸೇವಕ ಸೇವೆಗಳು 2021ರಿಂದ ಸ್ತ್ರೀಯರಿಗೂ ತೆರೆದಿವೆ. 2023ರ ಸಿನೋಡಿನಲ್ಲಿ ಮೊದಲ ಬಾರಿಗೆ ಸ್ತ್ರೀಯರು ಮತ ಹಾಕಿದರು. ರೋಮಿನಲ್ಲಿ ಇಷ್ಟಾದರೂ ನಮ್ಮ ಧರ್ಮಕೇಂದ್ರದ ಹಣಕಾಸು ಸಮಿತಿಯ ಮಾತೆತ್ತಿದರೆ, "ಅವರಿಗೆ ಲೆಕ್ಕ ಏನು ತಿಳಿಯುತ್ತೆ?" ಎನ್ನುತ್ತೇವೆ. ತಿಂಗಳ ಸಂಬಳದಲ್ಲಿ ಮನೆ ತೂಗಿಸಿ, ಸಂಘದ ಸಾಲವನ್ನೂ ತೀರಿಸುವವರ ಬಗ್ಗೆ ಈ ಮಾತು! ಇನ್ನು ಮನೆಯಲ್ಲಿ, ಜಪಸರ ಪ್ರಾರ್ಥನೆ ಮುಗಿದ ಮೇಲೆ ಮಗ ಉಣ್ಣಲು ಕೂರುತ್ತಾನೆ, ಮಗಳು ಬಡಿಸುತ್ತಾಳೆ. ನೀವೇ ಯೋಚಿಸಿ.

ಮೂರನೆಯ ವರ್ಷ ಧೈರ್ಯ ಮಾಡಿ, ದೇವಾಲಯ ಗುಡಿಸುವ ಅಜ್ಜಿಯನ್ನು ಕರೆದೆ. ಅವರು ಸೆರಗಿನಲ್ಲಿ ಪಾದ ಮುಚ್ಚಿಕೊಂಡು, "ಬ್ಯಾಡಿ ಫಾದರ್, ಹಿಮ್ಮಡಿ ಒಡೆದೈತೆ, ನಿಮ್ಮ ಕೈಗೆ ತರಚುತ್ತೆ" ಎಂದರು. ಪೇತ್ರನೂ ಮೊದಲು ಬೇಡವೆಂದಿದ್ದ ಎಂದು ನೆನಪಿಸಿದೆ. ಅಜ್ಜಿ ನಕ್ಕು, ಮೆಲ್ಲಗೆ ಬಲಗಾಲನ್ನು ಮುಂದೆ ಚಾಚಿದರು.